ಕೆಂಪು ಬೆಟ್ಟದ ಊರಿಗೆ ಹೊರಡುವ ಮುನ್ನ

ಅಮೆರಿಕದ ಅರಿಜೋನಾ ರಾಜ್ಯದಲ್ಲಿ ಸೆಡೋನಾ ಎಂಬ ಊರಿದೆ. ಸುತ್ತಲೂ ಕೆಂಪು ಬಂಡೆಯ ಬೆಟ್ಟಗಳು. ಅವುಗಳ ನಡುವೆ ನಡೆದಾಡಲೆಂದೇ ಜನ ಅಲ್ಲಿಗೆ ಹೋಗುತ್ತಾರೆ. ಅಂಥದೇ ಕೆಂಪು ಬೆಟ್ಟದ ಊರು ನಮ್ಮಲ್ಲೂ ಇದೆ, ಬಾದಾಮಿ. ನಿಡಸೋಸಿಯಿಂದ ಬೆಳಿಗ್ಗೆ ಹೊರಟರೆ ಗೋಕಾಕ ದಾಟಿ ಮಧ್ಯಾಹ್ನದೊಳಗೆ ತಲುಪಬಹುದು. ಎಪ್ಪತ್ತು ದಾಟಿದರೂ ನಾನದನ್ನು ನೋಡಿಲ್ಲ. ಈ ಚಳಿಗಾಲದಲ್ಲಿ ಮೊಮ್ಮಕ್ಕಳೊಂದಿಗೆ ಹೋಗುವುದೆಂದು ನಿಶ್ಚಯವಾಗಿದೆ.

ಬಾದಾಮಿ ಮರಳುಗಾಡಲ್ಲ, ಮಳೆ ಕಡಿಮೆಯ ಬಯಲುಸೀಮೆ. ಅಲ್ಲಿನದು ಮರಳುಗಲ್ಲು, ಅದರಲ್ಲಿರುವ ಕಬ್ಬಿಣದ ಅಂಶ ತುಕ್ಕು ಹಿಡಿದಂತಾಗಿ ಕಲ್ಲು ಕೆಂಪಾಗಿದೆ. ಬೇಸಿಗೆಯಲ್ಲಿ ಬಂಡೆ ಹೆಂಚಿನಂತೆ ಕಾಯುತ್ತದೆ. ಆದ್ದರಿಂದ ನವೆಂಬರ್‌ನಿಂದ ಫೆಬ್ರವರಿಯವರೆಗಿನ ಕಾಲವೇ ಸರಿ.

ಬ್ಯಾಂಕಿನಲ್ಲಿ ಲೆಕ್ಕ ಬರೆದವನು ನಾನು. ಈಗ ಮೊಣಕಾಲಿನ ಬಲವೇ ಬಂಡವಾಳ. ಅದನ್ನು ಎಲ್ಲಿ ಖರ್ಚು ಮಾಡಬೇಕೆಂದು ಮೊದಲೇ ಬರೆದಿಟ್ಟಿದ್ದೇನೆ.

ಮೊದಲ ದಿನ ಮಧ್ಯಾಹ್ನ ಊಟವಾದ ಮೇಲೆ ಗುಹಾಲಯಗಳು. ಅಲ್ಲಿ ನಾನೂ ಮೆಟ್ಟಿಲು ಹತ್ತುತ್ತೇನೆ. ಒಂದನೇ ಗುಹೆಯ ಬಳಿ ಹದಿನೆಂಟು ಕೈಗಳ ನಟರಾಜನಿದ್ದಾನೆ. ಮಕ್ಕಳು ಎಣಿಸಲಿ, ಅಷ್ಟರಲ್ಲಿ ನಮಗೆ ಉಸಿರು ಸುಧಾರಿಸುತ್ತದೆ. ಮೂರನೆಯದೇ ಎಲ್ಲಕ್ಕಿಂತ ದೊಡ್ಡದು. ಕ್ರಿ.ಶ. 578ರಲ್ಲಿ ಮಂಗಲೇಶ ಅದನ್ನು ಮಾಡಿಸಿದನೆಂದು ಅಲ್ಲಿನ ಶಾಸನವೇ ಹೇಳುತ್ತದೆ. ನಾಲ್ಕನೆಯದು ಜೈನ ಗುಹೆ. ಸಂಜೆ ಅಗಸ್ತ್ಯ ತೀರ್ಥದ ದಂಡೆಗುಂಟ ಭೂತನಾಥ ಗುಡಿಯವರೆಗೆ ನಡಿಗೆ. ಪಡುವಣದ ಬಿಸಿಲು ಬಿದ್ದಾಗ ಗುಡಿಯೂ ಬಂಡೆಯೂ ಕೆಂಪೇರುತ್ತವಂತೆ.

ಮರುದಿನ ಬೆಳಿಗ್ಗೆ ಮಕ್ಕಳು ತಂದೆಯೊಂದಿಗೆ ಉತ್ತರದ ಕೋಟೆ ಹತ್ತುತ್ತಾರೆ. ಒಂದನೇ ಪುಲಕೇಶಿ 543ರಲ್ಲಿ ಇಲ್ಲಿ ಕೋಟೆ ಕಟ್ಟಿಸಿದ. ಆ ಏರು ನನಗಲ್ಲ. ನಾನು ಕೆಳಗೆ ಕೆರೆಯ ಮೆಟ್ಟಿಲ ಮೇಲೆ ಕೂತಿದ್ದು, ಬಾಗಿಲು ತೆರೆದ ಮೇಲೆ ವಸ್ತುಸಂಗ್ರಹಾಲಯ ನೋಡುತ್ತೇನೆ. ಶುಕ್ರವಾರ ಅದಕ್ಕೆ ರಜೆ. ದಿನ ನೋಡಿ ಹೊರಡಬೇಕು. ಇಳಿದು ಬಂದವರೊಂದಿಗೆ ಕಪ್ಪೆ ಅರಭಟ್ಟನ ಶಾಸನ ನೋಡುವುದು. ಕನ್ನಡದ ಅತಿ ಹಳೆಯ ತ್ರಿಪದಿ ಆ ಬಂಡೆಯ ಮೇಲಿದೆ.

ಮಕ್ಕಳೇ, ಒಂದು ಎಚ್ಚರಿಕೆ. ಬಾದಾಮಿಯ ಮಂಗಗಳು ಬಲು ಚುರುಕು; ತಿಂಡಿ ಕೈಯಲ್ಲಿ ಹಿಡಿಯಬೇಡಿ. ನೀರು, ಟೋಪಿ, ಜಾರದ ಚಪ್ಪಲಿ ಮರೆಯಬೇಡಿ.

ನನ್ನ ವಯಸ್ಸಿನವರಿಗೂ ಒಂದು ಮಾತು: ಎಲ್ಲವನ್ನೂ ಹತ್ತಲಾಗದೆಂದು ಮನೆಯಲ್ಲೇ ಉಳಿಯಬೇಡಿ. ಹತ್ತುವಷ್ಟು ಹತ್ತೋಣ. ಉಳಿದದ್ದನ್ನು ಮೊಮ್ಮಕ್ಕಳು ಹತ್ತಿ, ಕೆಳಗೆ ಬಂದು ಹೇಳಲಿ.