ಗಂಗಾಮೂಲದಿಂದ ಕೇಡಗಾಂವಿಗೆ

ಪಶ್ಚಿಮ ಘಟ್ಟದ ನೆತ್ತಿಯ ಮೇಲೆ, ವರಾಹ ಪರ್ವತವೆಂದು ಹೆಸರಾದ ಗಿರಿಶ್ರೇಣಿಯ ನಡುವೆ, ಗಂಗಾಮೂಲವೆಂಬ ಸ್ಥಳವುಂಟು. ತುಂಗೆ, ಭದ್ರೆ, ನೇತ್ರಾವತಿ ಎಂಬ ಮೂರು ನದಿಗಳಿಗೂ ಇದೇ ತೌರುಮನೆ. ನೇತ್ರಾವತಿಯು ಪಡುವಣಕ್ಕೆ ಇಳಿದು ಮಂಗಳೂರಿನ ಬಳಿ ಕಡಲನ್ನು ಸೇರುತ್ತಾಳೆ. ತುಂಗೆ ಭದ್ರೆಯರು ಮೂಡಣಕ್ಕೆ ಹರಿದು, ಕೂಡಲಿಯಲ್ಲಿ ಒಂದಾಗಿ, ಮುಂದೆ ಕೃಷ್ಣೆಯನ್ನು ಕೂಡುತ್ತಾರೆ. ಕಾರ್ಕಳದಿಂದ ಮಾಳ ಗ್ರಾಮದ ಮಾರ್ಗವಾಗಿ ಘಟ್ಟವನ್ನು ಹತ್ತುವ ಯಾತ್ರಿಕನಿಗೆ ಮೊದಲು ಅಡಕೆಯ ತೋಟಗಳು, ಆಮೇಲೆ ಸೂರ್ಯನ ಕಿರಣವೂ ನೆಲವನ್ನು ಮುಟ್ಟದ ಕಾಡು, ಕಡೆಗೆ ಹುಲ್ಲುಗಾವಲಿನ ಬೋಳು ಬೆಟ್ಟಗಳು ಒಂದಾದಮೇಲೊಂದು ಎದುರಾಗುತ್ತವೆ. 1987ರಿಂದ ಈ ಪ್ರದೇಶವು ಕುದುರೆಮುಖ ರಾಷ್ಟ್ರೀಯ ಉದ್ಯಾನಕ್ಕೆ ಸೇರಿರುವುದರಿಂದ, ಅರಣ್ಯ ಇಲಾಖೆಯವರ ಅಪ್ಪಣೆಯನ್ನು ಪಡೆಯದೆ ಕಾಡಿನ ಒಳಕ್ಕೆ ಹೋಗಲಾಗದು.

ಮೂರು ನದಿಗಳು ಹುಟ್ಟಿದ ಈ ನೆಲದಲ್ಲಿ 1858ನೆಯ ಇಸವಿ ಏಪ್ರಿಲ್ 23ರಂದು ಒಂದು ಹೆಣ್ಣು ಶಿಶುವು ಹುಟ್ಟಿತು. ಆ ಶಿಶುವೇ ಮುಂದೆ ಪಂಡಿತಾ ರಮಾಬಾಯಿ ಸರಸ್ವತಿ ಎಂದು ಪ್ರಖ್ಯಾತಿಯನ್ನು ಹೊಂದಿದ ವಿದುಷಿ. ಅವರ ಜೀವನವು ಆರಂಭವಾದ ಗಂಗಾಮೂಲವನ್ನೂ, ಮುಗಿದ ಕೇಡಗಾಂವನ್ನೂ ಒಂದೇ ಯಾತ್ರೆಯ ಎರಡು ಕ್ಷೇತ್ರಗಳೆಂದು ಭಾವಿಸಿ ನೋಡುವವನಿಗೆ, ಭಯವೆಂದರೇನು, ಅದನ್ನು ಮನುಷ್ಯನು ದಾಟುವ ಬಗೆ ಹೇಗೆ ಎಂಬುದು ಸ್ವಲ್ಪಮಟ್ಟಿಗಾದರೂ ತಿಳಿದೀತು.

ರಮಾಬಾಯಿಯವರ ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಚಿತ್ಪಾವನ ಬ್ರಾಹ್ಮಣರು, ಸಂಸ್ಕೃತದಲ್ಲಿ ಘನ ಪಂಡಿತರು. ಅವರು ತಮ್ಮ ಪತ್ನಿ ಲಕ್ಷ್ಮೀಬಾಯಿಗೂ ಸಂಸ್ಕೃತವನ್ನು ಕಲಿಸತೊಡಗಿದರು. ಹೆಂಗಸಿಗೆ ದೇವಭಾಷೆಯೆ ಎಂದು ಆಕ್ಷೇಪಣೆ ಹುಟ್ಟಿತು. ಶಾಸ್ತ್ರಿಗಳು ಉಡುಪಿಯಲ್ಲಿ ಪಂಡಿತರ ಮುಂದೆ ನಿಂತು, ಗ್ರಂಥಾಧಾರಗಳಿಂದಲೇ ತಮ್ಮ ಪಕ್ಷವನ್ನು ಸಮರ್ಥಿಸಿಕೊಂಡರು. ಆದರೂ ಜನರ ನಡುವೆ ನೆಮ್ಮದಿಯಿಲ್ಲದೆ, ಪತ್ನಿಯೊಡನೆ ಗಂಗಾಮೂಲದ ಕಾಡನ್ನು ಸೇರಿದರು. ಅಲ್ಲಿ ಮನೆಯೆಂಬುದಿನ್ನೂ ಇಲ್ಲದ ಮೊದಲನೆಯ ರಾತ್ರಿ, ಕಣಿವೆಯ ಆಚೆಯಿಂದ ಹುಲಿಯ ಗರ್ಜನೆ ಕೇಳಿಸಿತಂತೆ. ಎಳೆಯ ಪ್ರಾಯದ ಆ ಗೃಹಿಣಿಯು ಹೊದಿಕೆಯನ್ನು ಬಿಗಿಯಾಗಿ ಸುತ್ತಿಕೊಂಡು ನಡುಗುತ್ತ ಮಲಗಿದ್ದರೆ, ಪತಿಯು ಬೆಳಗಾಗುವವರೆಗೂ ಎಚ್ಚರವಾಗಿದ್ದು ಕಾವಲು ಕಾದರಂತೆ. ತಾಯಿಯಿಂದ ಮಗಳಿಗೆ ಬಂದ ಈ ಕಥೆಯನ್ನು ರಮಾಬಾಯಿಯವರು ಕಡೆಯವರೆಗೂ ನೆನಪಿನಲ್ಲಿಟ್ಟುಕೊಂಡಿದ್ದರು.

ಆಶ್ರಮಕ್ಕೆ ಬಂದ ಅತಿಥಿಗಳನ್ನೂ ವಿದ್ಯಾರ್ಥಿಗಳನ್ನೂ ಪೋಷಿಸಿ ಶಾಸ್ತ್ರಿಗಳು ಸಾಲಗಾರರಾದರು. ಮಗುವಿಗೆ ಆರು ತಿಂಗಳಾಗಿದ್ದಾಗ ಸಂಸಾರವು ಕಾಡನ್ನು ಬಿಟ್ಟು ಹೊರಟಿತು. ಬೆತ್ತದ ಬುಟ್ಟಿಯೊಂದರಲ್ಲಿ ಮಗುವನ್ನು ಮಲಗಿಸಿ, ಆಳೊಬ್ಬನು ತಲೆಯ ಮೇಲೆ ಹೊತ್ತು ಬೆಟ್ಟವನ್ನು ಇಳಿದನು. ಅಂದಿನಿಂದ ಅವರಿಗೆ ನಿಂತ ನೆಲೆಯೆಂಬುದಿಲ್ಲ. ತೀರ್ಥಕ್ಷೇತ್ರಗಳನ್ನು ಸುತ್ತುತ್ತ, ದೇವಾಲಯಗಳಲ್ಲಿ ಪುರಾಣಗಳನ್ನು ಓದಿ ಹೇಳುತ್ತ, ಭಕ್ತರು ಕೊಟ್ಟದ್ದರಿಂದ ಜೀವಿಸುತ್ತಿದ್ದರು. ತಾಯಿಯು ಮುಂಜಾನೆಯಲ್ಲಿಯೇ ಮಗಳನ್ನು ಎಬ್ಬಿಸಿ ಪಾಠ ಹೇಳುತ್ತಿದ್ದರು. ಅಮರ, ವ್ಯಾಕರಣ, ಭಾಗವತ ಇವೆಲ್ಲ ಆ ಬಾಲಿಕೆಗೆ ಪುಸ್ತಕವನ್ನು ಬಿಡಿಸುವುದಕ್ಕೆ ಮುಂಚೆಯೇ ಕಿವಿಯಿಂದ ಒಳಹೊಕ್ಕವು.

1874ರ ಹೊತ್ತಿಗೆ ದಕ್ಷಿಣದಲ್ಲಿ ಕ್ಷಾಮವು ತಲೆದೋರಿತು. ಪುರಾಣವನ್ನು ಕೇಳುವವರೂ ಇಲ್ಲ, ಪಿಡಿ ಅಕ್ಕಿಯನ್ನು ಕೊಡುವವರೂ ಇಲ್ಲ. ಕೂಲಿ ಮಾಡಿ ಬದುಕುವ ರೂಢಿಯು ಆ ಮನೆತನಕ್ಕಿರಲಿಲ್ಲ. ಬೇಡಲು ಅಭಿಮಾನವು ಬಿಡಲಿಲ್ಲ. ಇದ್ದ ಒಡವೆ ಪಾತ್ರೆಗಳೆಲ್ಲ ತೀರಿದಮೇಲೆ, ಸಾಯಬೇಕೆಂದೇ ನಿಶ್ಚಯಿಸಿ ಕಾಡನ್ನು ಹೊಕ್ಕರು. ನೀರನ್ನೂ ಎಲೆಗಳನ್ನೂ ಕಾಡು ಈಚಲ ಹಣ್ಣನ್ನೂ ತಿಂದು ಹನ್ನೊಂದು ದಿನಗಳನ್ನು ಕಳೆದರು. ಕಣ್ಣು ಕಾಣದಂತಾಗಿದ್ದ ವೃದ್ಧ ತಂದೆಯು ಜಲಸಮಾಧಿಗೆ ಸಿದ್ಧರಾಗಿ, ಕಿರಿಯ ಮಗಳನ್ನು ಅಪ್ಪಿಕೊಂಡು, ದೇವರ ಕೈಗೆ ನಿನ್ನನ್ನು ಒಪ್ಪಿಸಿದ್ದೇನೆ ಎಂಬ ಅರ್ಥದ ಮಾತನ್ನಾಡಿದರು. ಮಗ ಶ್ರೀನಿವಾಸನು, ತಾನು ಯಾವ ಕೆಲಸವನ್ನಾದರೂ ಮಾಡಿ ಎಲ್ಲರನ್ನೂ ಸಾಕುವೆನೆಂದು ತಡೆದನು. ಆದರೆ ತಂದೆಯು ಉಳಿಯಲಿಲ್ಲ. ಕೆಲವು ವಾರಗಳಲ್ಲಿ ತಾಯಿ, ಕೆಲವು ತಿಂಗಳುಗಳಲ್ಲಿ ಅಕ್ಕ. ತಾಯಿಯ ಶವವನ್ನು ಹೊರಲು ಸಾಕಾದಷ್ಟು ಜನರು ದೊರೆಯಲಿಲ್ಲ. ಇಬ್ಬರು ಬ್ರಾಹ್ಮಣರು ಕನಿಕರಪಟ್ಟು ಬಂದರು. ಉಳಿದೆರಡು ಕಡೆಗೆ ಅಣ್ಣತಂಗಿಯರೇ ಕೈಕೊಟ್ಟರು. ಹದಿನಾರು ವರ್ಷದ ರಮೆಯ ಹೆಗಲು ಉಳಿದವರ ಎತ್ತರಕ್ಕೆ ಸಾಲದ್ದರಿಂದ, ಆಕೆಯು ಚಟ್ಟದ ಕೊನೆಯನ್ನು ತಲೆಯ ಮೇಲೆ ಹೊತ್ತು ಸ್ಮಶಾನದವರೆಗೂ ನಡೆಯಬೇಕಾಯಿತು.

ಅಲ್ಲಿಂದ ಅಣ್ಣತಂಗಿಯರ ಪಾದಯಾತ್ರೆಯು ಕಾಶ್ಮೀರದವರೆಗೂ ಸಾಗಿತು. ಝೀಲಂ ನದಿಯ ದಡದಲ್ಲಿ ಚಳಿಯನ್ನು ತಡೆಯಲಾರದೆ ಗುಂಡಿಗಳನ್ನು ತೋಡಿ, ತಲೆಯೊಂದನ್ನು ಬಿಟ್ಟು ಮೈಯೆಲ್ಲವನ್ನೂ ಮರಳಿನಿಂದ ಮುಚ್ಚಿಕೊಂಡು ರಾತ್ರಿಯನ್ನು ಕಳೆದರಂತೆ. 1878ರಲ್ಲಿ ಕಲ್ಕತ್ತೆಗೆ ಬಂದಾಗ, ಇಪ್ಪತ್ತು ವರ್ಷದ ಈ ತರುಣಿಯ ಸಂಸ್ಕೃತ ವಾಗ್ಧಾಟಿಯನ್ನು ಕೇಳಿ ವಿದ್ವಾಂಸರು ಬೆರಗಾಗಿ, ‘ಪಂಡಿತಾ’ ‘ಸರಸ್ವತೀ’ ಎಂಬ ಬಿರುದುಗಳನ್ನಿತ್ತರು. ಆದರೆ ಬಿರುದು ದುಃಖವನ್ನು ತಡೆಯುವ ಕವಚವಲ್ಲ. 1880ರಲ್ಲಿ ಅಣ್ಣನು ತೀರಿಕೊಂಡನು. ಅದೇ ವರ್ಷ ಬಂಗಾಳದ ವಕೀಲರಾದ ಬಿಪಿನ್ ಬಿಹಾರಿ ಮೇಧಾವಿಯವರನ್ನು ವಿವಾಹವಾದರು. 1882ರ ಫೆಬ್ರುವರಿಯಲ್ಲಿ ಅವರೂ ವಾಂತಿಭೇದಿಯಿಂದ ಮೃತರಾದರು. ಇಪ್ಪತ್ತನಾಲ್ಕು ತುಂಬುವಷ್ಟರಲ್ಲಿ ತಂದೆ, ತಾಯಿ, ಅಕ್ಕ, ಅಣ್ಣ, ಪತಿ, ಎಲ್ಲರೂ ಹೋದರು. ಉಳಿದುದು ಮನೋರಮೆಯೆಂಬ ಹಸುಗೂಸೊಂದೇ.

ಮಗುವನ್ನೆತ್ತಿಕೊಂಡು ಪುಣೆಗೆ ಬಂದು, ಸ್ತ್ರೀಯರಿಗಾಗಿ ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿ, 1883ರಲ್ಲಿ ಇಂಗ್ಲೆಂಡಿಗೆ ತೆರಳಿದರು. ಲಂಡನಿನ ಫುಲ್‌ಹ್ಯಾಮ್ ಎಂಬಲ್ಲಿ, ಸಮಾಜವು ಕೈಬಿಟ್ಟ ಪತಿತ ಸ್ತ್ರೀಯರನ್ನು ಕ್ರೈಸ್ತ ಸನ್ಯಾಸಿನಿಯರು ಮಕ್ಕಳಂತೆ ಸಲಹುತ್ತಿದ್ದುದನ್ನು ಅವರು ಕಂಡರು. ಇಷ್ಟು ಕರುಣೆಗೆ ಕಾರಣವೇನೆಂದು ಕೇಳಿದಾಗ, ಸಮಾರ್ಯದ ಹೆಂಗಸಿನೊಡನೆ ಯೇಸುಸ್ವಾಮಿಯು ಬಾವಿಯ ಬಳಿ ಮಾತನಾಡಿದ ಕಥೆಯನ್ನು ಅವರಿಗೆ ತೋರಿಸಿದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ವಾಂಟೇಜಿನಲ್ಲಿ ತಾವೂ ಮಗಳೂ ದೀಕ್ಷಾಸ್ನಾನವನ್ನು ಪಡೆದರು. ಬುದ್ಧಿಯಿಂದ ಒಪ್ಪಿದ ಮತವು ಹೃದಯದ ಆಶ್ರಯವಾಗಲು ಇನ್ನೂ ಕೆಲವು ವರ್ಷಗಳೇ ಬೇಕಾದವೆಂದು ಅವರೇ ಬರೆದಿದ್ದಾರೆ.

1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನವನ್ನು ತೆರೆದು, ಮರುವರ್ಷ ಪುಣೆಗೆ ಸಾಗಿಸಿದರು. 1893ರಲ್ಲಿ, ಬಾಲಿಕೆಯರನ್ನು ಮತಾಂತರಕ್ಕೆ ಒಲಿಸುತ್ತಿದ್ದಾರೆಂಬ ಆಪಾದನೆಯು ಎದ್ದು, ರಾನಡೆ, ಭಾಂಡಾರ್ಕರರಂಥ ಹಿತೈಷಿಗಳೂ ಸಲಹಾ ಮಂಡಲಿಯನ್ನು ಬಿಟ್ಟರು. ಅನೇಕ ವಿದ್ಯಾರ್ಥಿನಿಯರನ್ನು ಪೋಷಕರು ಕರೆದುಕೊಂಡು ಹೋದರು. ಆ ವಿವಾದದಲ್ಲಿ ಯಾರ ಪಕ್ಷವು ಸರಿಯೆಂದು ತೀರ್ಮಾನಿಸುವುದು ಈ ಲೇಖನದ ಉದ್ದೇಶವಲ್ಲ. ಬಂಧುಗಳನ್ನು ಮೃತ್ಯುವಿಗೆ ಒಪ್ಪಿಸಿದವರು ಈಗ ಮಿತ್ರರನ್ನೂ ಕಳೆದುಕೊಂಡರೆಂಬುದಷ್ಟೇ ಇಲ್ಲಿ ಮುಖ್ಯ.

ಇನ್ನು ಕೇಡಗಾಂವಿಗೆ ಬರೋಣ. ನಮ್ಮ ಕಡೆಯಿಂದ ಹೋಗುವವರು ಸೋಲಾಪುರವನ್ನು ದಾಟಿ ದೌಂಡ್ ಜಂಕ್ಷನ್ನಿನಲ್ಲಿ ಇಳಿದು, ಪುಣೆಯ ಕಡೆಗೆ ಹೋಗುವ ಸಣ್ಣ ಗಾಡಿಯನ್ನು ಹತ್ತುವುದು ಅನುಕೂಲ. ಗಂಗಾಮೂಲದ ಹಸುರನ್ನು ಕಂಡ ಕಣ್ಣಿಗೆ ಈ ಸೀಮೆಯು ಬೇರೊಂದು ಲೋಕ. ಬಯಲೋ ಬಯಲು, ಕಪ್ಪು ಮಣ್ಣು, ಅಲ್ಲಲ್ಲಿ ಜಾಲಿ, ಬೇವು. ಈಗ ಕಾಲುವೆಯ ನೀರು ಹರಿದು ಕಬ್ಬು ಬೆಳೆದಿದೆ, ಆಲೆಮನೆಗಳಲ್ಲಿ ಬೆಲ್ಲದ ಕಂಪು ಏಳುತ್ತದೆ. ರಮಾಬಾಯಿಯವರು ಸದನದ ಖರ್ಚಿಗೆ ಆಧಾರವಾಗಲೆಂದು ಸುಮಾರು ನೂರು ಎಕರೆಯನ್ನು ಕೊಂಡು, ಬಾವಿಯನ್ನು ತೋಡಿಸಿ ಹಣ್ಣಿನ ಗಿಡಗಳನ್ನು ನೆಡಿಸಿದುದು ಇಲ್ಲಿಯೇ. ಈ ಸೀಮೆಯ ನೀರು ಭೀಮೆಗೆ ಸೇರುತ್ತದೆ, ಭೀಮೆಯು ಕೃಷ್ಣೆಗೆ. ಆದುದರಿಂದ ಗಂಗಾಮೂಲದಲ್ಲಿ ಹುಟ್ಟಿದ ತುಂಗಭದ್ರೆಯ ನೀರೂ ಕೇಡಗಾಂವಿನ ಮಳೆಯ ನೀರೂ ಕಡೆಗೆ ಒಂದೇ ಪ್ರವಾಹದಲ್ಲಿ ಬೆರೆಯುತ್ತವೆ.

1896ರಲ್ಲಿ ಮಧ್ಯಪ್ರಾಂತಗಳಲ್ಲಿ ಭಯಂಕರವಾದ ಕ್ಷಾಮವು ಬಂದಿತು. ಕ್ಷಾಮವೆಂಬ ಶಬ್ದವು ರಮಾಬಾಯಿಯವರಿಗೆ ವೃತ್ತಪತ್ರಿಕೆಯ ಸುದ್ದಿಯಾಗಿರಲಿಲ್ಲ. ತಂದೆಯ ಕಡೆಯ ಆಲಿಂಗನವಾಗಿತ್ತು, ತಾಯಿಯ ಚಟ್ಟದ ಭಾರವಾಗಿತ್ತು. ಅಂಥವರು ಆ ದೃಶ್ಯಕ್ಕೆ ಬೆನ್ನು ತಿರುಗಿಸಿ ಕುಳಿತಿದ್ದರೆ ಯಾರೂ ನಿಂದಿಸುತ್ತಿರಲಿಲ್ಲ. ಹಣವೂ ಕೈಯಲ್ಲಿರಲಿಲ್ಲ. ಆದರೂ ದೇವರಲ್ಲಿ ಭಾರವನ್ನು ಹಾಕಿ ಅವರು ಹೊರಟರು. ಎಲುಬು ಎದ್ದು ಕಾಣುತ್ತಿದ್ದ ಹುಡುಗಿಯರನ್ನೂ ಬಾಲವಿಧವೆಯರನ್ನೂ ಹುಡುಕಿ ಕರೆತಂದರು. ಮುನ್ನೂರರಷ್ಟು ಜನರನ್ನು ಉಳಿಸಬೇಕೆಂಬುದು ಅವರ ಸಂಕಲ್ಪ. ಪುಣೆಯಲ್ಲಿ ಆಗ ಪ್ಲೇಗಿನ ಹಾವಳಿಯಿದ್ದುದರಿಂದ ಅಷ್ಟು ಜನರನ್ನು ನಗರದಲ್ಲಿ ಇರಿಸಿಕೊಳ್ಳಲು ಅಧಿಕಾರಿಗಳು ಒಪ್ಪಲಿಲ್ಲ. ಕೇಡಗಾಂವಿನ ಹೊಲದಲ್ಲಿ ಗುಡಾರಗಳೂ ಗುಡಿಸಲುಗಳೂ ಎದ್ದವು. ಹೀಗೆ ‘ಮುಕ್ತಿ’ಯು ಹುಟ್ಟಿತು. 1900ರ ಗುಜರಾತಿನ ಕ್ಷಾಮದ ತರುವಾಯ ಅಲ್ಲಿಯ ನಿವಾಸಿಗಳ ಸಂಖ್ಯೆಯು ಸುಮಾರು 2,000ಕ್ಕೆ ಏರಿತು.

ಆ ಆವರಣದಲ್ಲಿ ಕುರುಡಿಯರಿಗೆ ವಿದ್ಯೆ, ಮುದುಕಿಯರಿಗೆ ಆಸರೆ, ಪತಿತೆಯರಿಗೆ ಕೃಪಾ ಸದನ, ಎಲ್ಲಕ್ಕೂ ನಡುವೆ ದೊಡ್ಡದೊಂದು ಪ್ರಾರ್ಥನಾ ಮಂದಿರ. ನೇಯ್ಗೆ, ಎಣ್ಣೆಯ ಗಾಣ, ಬೇಸಾಯ, ಅಚ್ಚುಕೂಟ, ಎಲ್ಲವೂ ಹೆಂಗಸರ ಕೈಯಲ್ಲಿಯೇ. ನಮ್ಮಂಥ ಸಂಸ್ಕೃತ ವ್ಯಾಸಂಗಿಗಳನ್ನು ಅಲ್ಲಿ ಹೆಚ್ಚಾಗಿ ತಡೆದು ನಿಲ್ಲಿಸುವುದು ಆ ಅಚ್ಚುಕೂಟದ ಕಥೆ. ಭಾಗವತವನ್ನು ಕಂಠಪಾಠ ಮಾಡಿದ್ದ ಆ ಪಂಡಿತೆಯು ನಡುವಯಸ್ಸಿನಲ್ಲಿ ಹೀಬ್ರೂ ಗ್ರೀಕ್ ಭಾಷೆಗಳನ್ನು ಅಭ್ಯಾಸಮಾಡಿ, ಸಮಗ್ರ ಬೈಬಲನ್ನು ಮೂಲದಿಂದ ಮರಾಠಿಗೆ ತಿರುಗಿಸಿದರು. ಬಿಗಿಯಾದ ಸಂಸ್ಕೃತ ಸಮಾಸಗಳು ನಾಲಗೆಯ ತುದಿಯಲ್ಲಿದ್ದರೂ ಅವುಗಳನ್ನು ಬೇಕೆಂದೇ ಬಿಟ್ಟು, ಬಡ ಹೆಂಗಸರಿಗೆ ತಿಳಿಯುವ ಸರಳವಾದ ಮಾತುಗಳನ್ನು ಆರಿಸಿದರು. ಕ್ಷಾಮದಿಂದ ಉಳಿದುಬಂದ ಹುಡುಗಿಯರೇ ಮೊಳೆಗಳನ್ನು ಜೋಡಿಸಿ ಅದನ್ನು ಅಚ್ಚುಹಾಕಿದರು. ಪಾಂಡಿತ್ಯದ ತ್ಯಾಗವೂ ಪಾಂಡಿತ್ಯದಿಂದಲೇ ಸಾಧ್ಯವೆಂಬುದನ್ನು ನಾನು ಇಲ್ಲಿ ಕಲಿತೆ.

ಶ್ರದ್ಧೆಯುಳ್ಳವರಿಗೆ ಮುಂದೆ ನಷ್ಟವೇ ಇಲ್ಲವೆಂದು ಯಾರೂ ತಿಳಿಯಬಾರದು. ಕನ್ನಡ ನಾಡಿನ ಗುಲ್ಬರ್ಗದಲ್ಲಿ, ಎಂದರೆ ಇಂದಿನ ಕಲಬುರಗಿಯಲ್ಲಿ, 1912ರಲ್ಲಿ ತೆರೆದ ಶಾಲೆಯನ್ನು ನಡೆಸುತ್ತಿದ್ದ ಮಗಳು ಮನೋರಮೆಯು, ತಾಯಿಯ ಮುಪ್ಪಿಗೆ ಊರುಗೋಲಾಗಿದ್ದವಳು, 1921ರ ಜುಲೈ ತಿಂಗಳಲ್ಲಿ ಮೃತಳಾದಳು. ಬೆತ್ತದ ಬುಟ್ಟಿಯಲ್ಲಿ ಬೆಟ್ಟವನ್ನು ಇಳಿದವರಿಗೆ ಈಗ ರಕ್ತಸಂಬಂಧಿಯೆಂಬ ಒಬ್ಬರೂ ಉಳಿಯಲಿಲ್ಲ. ಆದರೂ ಬೈಬಲಿನ ಕೆಲಸವನ್ನು ನಿಲ್ಲಿಸದೆ, 1922ರ ಏಪ್ರಿಲ್ 5ರಂದು ದೇಹವನ್ನು ಬಿಟ್ಟರು. ಗ್ರಂಥವು 1924ರಲ್ಲಿ ಪ್ರಕಟವಾಯಿತು. ಮುಕ್ತಿ ಸದನವು ಇಂದಿಗೂ ನಿರ್ಗತಿಕ ಸ್ತ್ರೀಯರಿಗೂ ಮಕ್ಕಳಿಗೂ ಆಶ್ರಯವಾಗಿ ನಡೆಯುತ್ತಿದೆ.

ನಮ್ಮ ದೇವಮೂರ್ತಿಗಳಲ್ಲಿ ಅಭಯಹಸ್ತವನ್ನು ನೋಡಿ ಕೈಮುಗಿಯುತ್ತೇವೆ. ತನಗೆ ಅಭಯವು ದೊರೆತಿತೆಂಬುದಕ್ಕೆ ಗುರುತೇನು? ಹುಲಿಯ ಗರ್ಜನೆಯು ನಿಲ್ಲುವುದೆ? ಗಂಗಾಮೂಲದ ಆ ರಾತ್ರಿಯಲ್ಲಿ ಅದು ನಿಲ್ಲಲಿಲ್ಲ. ಪಕ್ಕದಲ್ಲಿ ಒಬ್ಬರು ಎಚ್ಚರವಾಗಿದ್ದರು, ಅಷ್ಟೆ. ತಮ್ಮ ಪಕ್ಕದಲ್ಲಿ ಕ್ರಿಸ್ತನು ಎಚ್ಚರವಾಗಿರುವನೆಂದು ರಮಾಬಾಯಿಯವರು ನಂಬಿದರು; ಆ ನಂಬಿಕೆಯ ಬಲದಿಂದ ತಾವು ಎರಡು ಸಾವಿರ ಅನಾಥೆಯರ ಪಕ್ಕದಲ್ಲಿ ಎಚ್ಚರವಾಗಿದ್ದರು. ಓದುಗರಲ್ಲಿ ಯಾರಾದರೂ ಪಂಢರಾಪುರಕ್ಕೋ ಪುಣೆಗೋ ಯಾತ್ರೆ ಹೋದಾಗ, ಒಂದು ದಿನವನ್ನು ಕೇಡಗಾಂವಿಗೆಂದು ಮೀಸಲಿಡಲಿ. ಮನೆಯ ಹೆಣ್ಣುಮಕ್ಕಳನ್ನೂ ಸಂಗಡ ಕರೆದುಕೊಂಡು ಹೋಗಲಿ.