ಸೋರಿಕೆಯ ಜಾಡು ಹಿಡಿದು

ಬಟ್ಟೆ ಹೊದಿಸಿದ ಹಳೆಯ ಪುಟ್ಟ ವಿಮಾನದ ಪೆಟ್ರೋಲ್ ಟ್ಯಾಂಕು ಸೋರತೊಡಗಿದರೆ ಸುತ್ತ ನಿಂತವರೆಲ್ಲ ಹೇಳುವುದು ಒಂದೇ ಮಾತು: ತೂತು ಮುಚ್ಚಿ, ಕೆಲಸ ಮುಗಿಯಿತು. ಮುಚ್ಚುವುದಕ್ಕೆ ಹೆಚ್ಚು ಹೊತ್ತು ಬೇಕಿಲ್ಲ. ಆದರೆ ಆ ತೂತು ಎಲ್ಲಿದೆಯೆಂದು ಪತ್ತೆಮಾಡುವುದಕ್ಕೆ, ಅದು ಅಲ್ಲಿಯೇ ಏಕೆ ಬಿತ್ತೆಂದು ತಿಳಿಯುವುದಕ್ಕೆ ದಿನಗಳೇ ಹಿಡಿಯುತ್ತವೆ. ಈ ಕಸುಬಿನ ಸತ್ವವೂ ಸೊಗಸೂ ಇರುವುದು ಆ ದಿನಗಳಲ್ಲಿ. ಟ್ಯಾಂಕು ತಾನಾಗಿ ಸೋರುವುದು ಅಪರೂಪ. ಅದನ್ನು ಬಿಗಿದ ಪಟ್ಟಿ, ಪಟ್ಟಿಯ ಕೆಳಗಿನ ಮೆತ್ತೆ, ಎಂಜಿನ್ನಿನ ನಡುಕ, ತಳದಲ್ಲಿ ನಿಂತ ನೀರು, ಇವುಗಳಲ್ಲಿ ಯಾವುದೋ ಒಂದು ಅದನ್ನು ಆ ಸ್ಥಿತಿಗೆ ತಂದಿರುತ್ತದೆ. ಆ ಕಾರಣ ಕೈಗೆ ಸಿಗುವವರೆಗೂ ದುರಸ್ತಿ ಆರಂಭವೇ ಆಗಿಲ್ಲ ಎಂಬುದು ನನ್ನ ವಾದ.

ಈ ವಾದವನ್ನು ಬೆಂಗಳೂರಿನ ಮಹದೇವಪುರದಲ್ಲಿ ಮಂಡಿಸುವುದಕ್ಕೆ ಅರ್ಥವಿದೆ. ಇಲ್ಲಿಂದ ಹೊರ ವರ್ತುಲ ರಸ್ತೆಯಲ್ಲಿ ದಕ್ಷಿಣಕ್ಕೆ ಸಾಗಿ ಮಾರತಹಳ್ಳಿಯಲ್ಲಿ ಪಶ್ಚಿಮಕ್ಕೆ ಹೊರಳಿದರೆ ಎಚ್‌ಎಎಲ್. 1940ರ ಡಿಸೆಂಬರಿನಲ್ಲಿ ವಾಲಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ನೆರವಿನಿಂದ ಕಟ್ಟಿದ ಕಂಪನಿ ಅದು. ಅಲ್ಲಿಂದ ಮೇಲೆದ್ದ ಮಾರುತ್, ತೇಜಸ್‌ಗಳನ್ನು ಎಲ್ಲರೂ ನೆನೆಯುತ್ತಾರೆ. 1958ರ ಸೆಪ್ಟೆಂಬರ್ 28ರಂದು ಮೊದಲ ಸಲ ಹಾರಿದ ಪುಷ್ಪಕ್ ಅನ್ನು ನೆನೆಯುವವರು ಕಡಿಮೆ. ಅಮೆರಿಕದ ಏರೋಂಕಾ ಚೀಫ್ ವಿಮಾನದ ಜಾಡಿನಲ್ಲೇ ರೂಪುಗೊಂಡ ಇದರಲ್ಲಿ ಅಕ್ಕಪಕ್ಕ ಇಬ್ಬರಿಗೆ ಆಸನ, ತಲೆಯ ಮೇಲೆ ರೆಕ್ಕೆ, ಮೂತಿಯಲ್ಲಿ 90 ಅಶ್ವಶಕ್ತಿಯ ಕಾಂಟಿನೆಂಟಲ್ ಎಂಜಿನ್ನು, ಮೈಮೇಲೆ ಡೋಪ್ ಬಳಿದು ಬಿಗಿಸಿದ ಬಟ್ಟೆ. ಇಂಥ 150ಕ್ಕೂ ಹೆಚ್ಚು ವಿಮಾನಗಳು ತಯಾರಾಗಿ ದೇಶದ ಫ್ಲೈಯಿಂಗ್ ಕ್ಲಬ್ಬುಗಳಿಗೆ ಹೋದವು; ಒಂದು ತಲೆಮಾರಿನ ಪೈಲಟ್‌ಗಳು ಅವುಗಳಲ್ಲಿ ಹಾರಲು ಕಲಿತರು. ಬಟ್ಟೆಯ ವಿಮಾನ ಎಂದರೆ ನಮಗೆ ಹೊರಗಿನ ಸಂಗತಿಯೇನೂ ಆಗಿರಲಿಲ್ಲ.

ಈ ಜಾತಿಯ ವಿಮಾನಗಳಲ್ಲಿ ಇಂಧನ ಎಂಜಿನ್ನಿಗೆ ಇಳಿಯುವುದು ತನ್ನ ಭಾರದಿಂದಲೇ, ಪಂಪಿನ ಹಂಗಿಲ್ಲದೆ. ಹಾಗಾಗಿ ಟ್ಯಾಂಕು ಎತ್ತರದಲ್ಲಿರಬೇಕು: ಒಂದೋ ರೆಕ್ಕೆಯ ಬುಡದಲ್ಲಿ, ಇಲ್ಲವೇ ಚೀಫ್ ಮತ್ತು ಪೈಪರ್ ಕಬ್‌ಗಳಲ್ಲಿರುವಂತೆ ಎಂಜಿನ್ನಿಗೂ ಉಪಕರಣ ಫಲಕಕ್ಕೂ ನಡುವೆ, ಕುಳಿತವರ ಮೊಣಕಾಲಿನ ಮುಂದೆಯೇ. ಅಲ್ಲಿಂದ ತೊಟ್ಟಿಕ್ಕಿದ್ದು ನೇರವಾಗಿ ನೆಲಕ್ಕೆ ಬೀಳುವುದಿಲ್ಲ. ಟ್ಯಾಂಕಿನ ಅಂಚು ಹಿಡಿದು ಹರಿದು, ಉಕ್ಕಿನ ಕೊಳವೆಯ ಚೌಕಟ್ಟಿನ ಗುಂಟ ಇಳಿದು, ಬಾಗಿಲ ಕಂಬದ ಬುಡದಲ್ಲಿ ಬಟ್ಟೆಗೆ ಕಲೆ ಕಟ್ಟುತ್ತದೆ. ನಾವು ನೋಡುವ ಕಲೆ ಪ್ರಯಾಣದ ಕೊನೆಯ ನಿಲ್ದಾಣ. ಈಗ ಬಳಕೆಯಲ್ಲಿರುವ 100 ಎಲ್‌ಎಲ್ ಎಂಬ ವಿಮಾನ ಪೆಟ್ರೋಲಿಗೆ ನೀಲಿ ಬಣ್ಣ ಬೆರೆಸಿರುತ್ತಾರೆ. ಹಿಂದೆ ಸಿಗುತ್ತಿದ್ದ 80/87 ದರ್ಜೆಯದು ಕೆಂಪಗಿತ್ತು. ಪೆಟ್ರೋಲು ಆವಿಯಾದ ಮೇಲೂ ಬಣ್ಣ ಉಳಿಯುತ್ತದೆ. ಹಳೆಯ ವಿಮಾನವೊಂದರ ಒಳಮೈಯಲ್ಲಿ ಕೆಂಪು ಕಲೆಯ ಪಕ್ಕದಲ್ಲಿ ನೀಲಿ ಕಲೆ ಕಂಡರೆ, ಈ ಸೋರಿಕೆ ಹಿಂದೆಯೂ ಒಮ್ಮೆ ನಡೆದು, ಯಾರೋ ಮುಚ್ಚಿ, ಕಾರಣವನ್ನು ಹಾಗೆಯೇ ಬಿಟ್ಟಿದ್ದಾರೆಂದು ಶಂಕಿಸಲು ಆಧಾರ ಸಿಕ್ಕಂತೆ. ಕನ್ನಡಿ, ಟಾರ್ಚು ಹಿಡಿದು ಕಲೆಯಿಂದ ಹಿಂದಕ್ಕೆ, ಮೇಲಕ್ಕೆ ಹೋಗುತ್ತ ಜಾಡು ಕೂಡಿಸುವ ಹೊತ್ತಿನ ತನ್ಮಯತೆಗೆ ಸಾಟಿಯಾದದ್ದು ಕೈಕೆಲಸಗಳಲ್ಲಿ ಕಡಿಮೆ.

ಟ್ಯಾಂಕು ಹೊರಬಂದ ಮೇಲೆ ಪರೀಕ್ಷೆ. ಪಂಕ್ಚರ್ ಅಂಗಡಿಯಲ್ಲಿ ಟ್ಯೂಬನ್ನು ನೀರಿಗೆ ಅದ್ದಿ ಗುಳ್ಳೆ ನೋಡುವಂತೆಯೇ ಇದೂ. ಎಚ್ಚರ ಮಾತ್ರ ನೂರ್ಮಡಿ ಬೇಕು. ಟಯರಿಗೆ 30 ಪಿಎಸ್‌ಐ ಗಾಳಿ ತುಂಬಿ ಅಭ್ಯಾಸವಾದ ಕೈಗೆ ಒಂದು ಪಿಎಸ್‌ಐ ಏನೂ ಅಲ್ಲವೆನಿಸಬಹುದು. ಲೆಕ್ಕ ಹಾಕಿ ನೋಡಿ: 30 ಸೆಂಟಿಮೀಟರ್ ಅಗಲ, 60 ಸೆಂಟಿಮೀಟರ್ ಉದ್ದದ ತಗಡಿನ ಮೇಲೆ ಒಂದು ಪಿಎಸ್‌ಐ ಒತ್ತಡವೆಂದರೆ ಸುಮಾರು 126 ಕಿಲೋ ಭಾರ. ತೆಳು ತಗಡು ಉಬ್ಬಿಕೊಳ್ಳುತ್ತದೆ, ಒಳಗಿನ ಅಡ್ಡಗೋಡೆಯ ರಿವೆಟ್‌ಗಳು ಕೀಳುತ್ತವೆ, ಒಂದು ತೂತು ಹುಡುಕಲು ಹೋಗಿ ಹತ್ತು ಹೊಸದಾಗುತ್ತವೆ. ಅದಕ್ಕಾಗಿ ಒತ್ತಡದ ಮಾಪಕಕ್ಕಿಂತ ಪಾರದರ್ಶಕ ಕೊಳವೆಯಲ್ಲಿ ನಿಂತ ನೀರೇ ನಂಬಿಕೆಯ ಅಳತೆಗೋಲು. 70 ಸೆಂಟಿಮೀಟರ್ ನೀರು ಒಂದು ಪಿಎಸ್‌ಐಗೆ ಸಮ, ಮಿತಿ ಮೀರಿದರೆ ನೀರು ತಾನೇ ಹೊರಚೆಲ್ಲಿ ಟ್ಯಾಂಕನ್ನು ಕಾಯುತ್ತದೆ. ಇಲ್ಲೂ ಒಂದು ಮೋಸವಿದೆ. ಸಮುದ್ರಮಟ್ಟದಿಂದ 900 ಮೀಟರ್ ಆಸುಪಾಸಿನ ಬೆಂಗಳೂರಿನಲ್ಲಿ ಟ್ಯಾಂಕಿನೊಳಗಿನ ಗಾಳಿ ಒಂದು ಡಿಗ್ರಿ ಬಿಸಿಯಾದರೆ ಕೊಳವೆಯ ನೀರು ಮೂರು ಸೆಂಟಿಮೀಟರಿನಷ್ಟು ಏರುತ್ತದೆ, ತಣಿದರೆ ಅಷ್ಟೇ ಇಳಿಯುತ್ತದೆ. ಮೋಡ ಸರಿದು ಕಿಟಕಿಯಿಂದ ಬಿಸಿಲು ಬಿದ್ದರೆ ಸೋರುವ ಟ್ಯಾಂಕೂ ಗಟ್ಟಿಯೆನಿಸುತ್ತದೆ. ಕೊಳವೆ ನೋಡಿ ತೀರ್ಪು ಕೊಡುವ ಮುಂಚೆ ತಾಪವನ್ನೂ ಬರೆದುಕೊಳ್ಳಬೇಕು; ಆಮೇಲೆ ಸೋಪು ನೀರಿನ ಬ್ರಷ್ಷು ಹಿಡಿದು ಬೆಸುಗೆ ಬೆಸುಗೆಯನ್ನೂ ರಿವೆಟ್ ರಿವೆಟ್ಟನ್ನೂ ಒದ್ದೆಮಾಡಿ ಕಾಯಬೇಕು.

ಗುಳ್ಳೆ ಎದ್ದ ಜಾಗವೇ ಬಹುಮಟ್ಟಿಗೆ ಕಾರಣವನ್ನೂ ಹೇಳುತ್ತದೆ. ತಳದ ಮೂಲೆಯಲ್ಲಿ ಸೂಜಿಮೊನೆಯಂಥ ತೂತುಗಳ ಗುಂಪಿದ್ದರೆ ನೀರು ಕಾರಣ: ಅರ್ಧ ತುಂಬಿದ ಟ್ಯಾಂಕಿನ ಖಾಲಿ ಭಾಗದಲ್ಲಿ ರಾತ್ರಿಯ ತಂಪಿಗೆ ತೇವ ಹನಿಗಟ್ಟಿ, ಪೆಟ್ರೋಲಿಗಿಂತ ಭಾರವಾದ್ದರಿಂದ ಕೆಳಗಿಳಿದು, ತಿಂಗಳುಗಟ್ಟಲೆ ಲೋಹವನ್ನು ತಿಂದಿದೆ. ಪಟ್ಟಿಯ ಅಡಿಯಲ್ಲಾದರೆ ಮೆತ್ತೆ ಒದ್ದೆ ಹಿಡಿದಿಟ್ಟುಕೊಂಡು ಹೊರಗಿನಿಂದ ಕೊರೆದಿದೆ. ಇಂಧನ ಹೊರಹೋಗುವ ಬಾಯಿಯ ಸುತ್ತ ಕೂದಲೆಳೆಯ ಬಿರುಕಿದ್ದರೆ ಕೊಳವೆಯನ್ನು ಎಳೆದು ಬಿಗಿದಿದ್ದಾರೆ, ಎಂಜಿನ್ನಿನ ಪ್ರತಿ ನಡುಕವೂ ಅಲ್ಲಿಗೇ ಮುಟ್ಟುತ್ತಿದೆ. ಈ ಮೂರಕ್ಕೂ ಬೆಸುಗೆ ಒಂದೇ ಇರಬಹುದು, ದುರಸ್ತಿ ಬೇರೆ ಬೇರೆ. ಮೆತ್ತೆ ಬದಲಿಸದೆ, ಕೊಳವೆಯ ಎಳೆತ ಸಡಿಲಿಸದೆ ಹಾಕಿದ ಬೆಸುಗೆಯ ಪಕ್ಕದಲ್ಲೇ ಮುಂದಿನ ಬಿರುಕು ಹುಟ್ಟುತ್ತದೆ.

ಇಷ್ಟೆಲ್ಲ ಏಕೆ, ಒಳಗೆ ಲೇಪನ ಸುರಿದು ಟ್ಯಾಂಕನ್ನು ಅಲುಗಾಡಿಸಿದರೆ ಎಲ್ಲ ತೂತೂ ಮುಚ್ಚುತ್ತದಲ್ಲ ಎಂಬ ಆಕ್ಷೇಪ ಹಳೆಯದು. ಹೌದು, ಮುಚ್ಚುತ್ತದೆ. ಆದರೆ ವರ್ಷಗಳು ಕಳೆದಂತೆ ಇಂಥ ಲೇಪನ, ಅದರಲ್ಲೂ ಆಲ್ಕೊಹಾಲ್ ಬೆರೆತ ಪೆಟ್ರೋಲು ತಗುಲಿದಾಗ, ಹಾಳೆಹಾಳೆಯಾಗಿ ಎದ್ದು ಟ್ಯಾಂಕಿನ ಬಾಯಿಯ ಜಾಲರಿಗೆ ಅಂಟಿಕೊಂಡ ನಿದರ್ಶನಗಳಿವೆ. ಸೋರುವ ಟ್ಯಾಂಕು ಕಣ್ಣಿಗೆ, ಮೂಗಿಗೆ ಸುಳಿವು ಕೊಡುತ್ತದೆ; ಕಟ್ಟಿಕೊಂಡ ಜಾಲರಿ ನೆಲಬಿಟ್ಟ ಮೇಲೆ ಎಂಜಿನ್ನನ್ನು ನಿಲ್ಲಿಸುತ್ತದೆ. ಇನ್ನು ನಮ್ಮ ಕೈಗಾರಿಕಾ ಪ್ರದೇಶದಲ್ಲಿ ಆರ್ಗಾನ್ ವೆಲ್ಡಿಂಗ್ ಬಲ್ಲ ನುರಿತವರಿದ್ದಾರೆ, ಕೊಟ್ಟರೆ ಆಯಿತು ಎನ್ನುವವರಿಗೂ ಒಂದು ಮಾತು. ಪೆಟ್ರೋಲಿನ ಆವಿ ಗಾಳಿಯಲ್ಲಿ ಶೇ. 1.4ರಿಂದ ಶೇ. 7.6ರ ನಡುವೆ ಇದ್ದರೆ ಕಿಡಿ ಸಾಕು. ತುಂಬಿದ ಟ್ಯಾಂಕಿಗಿಂತ ಖಾಲಿಯದೇ ಅಪಾಯಕಾರಿ. ಬಿಸಿನೀರು, ಸೋಪು, ಆಮೇಲೆ ಬಹಳ ಹೊತ್ತು ಹಬೆ ಹಾಯಿಸದೆ ಅದನ್ನು ಯಾವ ವೆಲ್ಡರ್ ಮುಂದೆಯೂ ಇಡಕೂಡದು. 1940ರ ದಶಕದ ಅನೇಕ ಟ್ಯಾಂಕುಗಳು ಸೀಸ, ತವರದ ಲೇಪವಿದ್ದ ಉಕ್ಕಿನ ತಗಡಿನವು; ಅವು ಕೇಳುವುದು ಮೆದು ಬೆಸುಗೆಯನ್ನು, ಆರ್ಗಾನನ್ನಲ್ಲ. ಲೋಹ ಯಾವುದೆಂದು ತಿಳಿಯುವುದೂ ಹುಡುಕಾಟದ ಭಾಗವೇ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಇದೇ ಎಚ್‌ಎಎಲ್ ರನ್‌ವೇಯಿಂದ 2021ರ ಸೆಪ್ಟೆಂಬರ್ 3ರಂದು ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದ (ಎನ್‌ಎಎಲ್) ಹಂಸ-ಎನ್‌ಜಿ ಹಾರಿತು. ಕಾಂಪೋಸಿಟ್ ಮೈಯ, ಆಧುನಿಕ ಉಪಕರಣಗಳ ತರಬೇತಿ ವಿಮಾನ. ಅದಿರುವಾಗ ಬಟ್ಟೆಯ ವಿಮಾನಕ್ಕೆ ಇಷ್ಟು ಶ್ರಮವೇಕೆ? ತರಬೇತಿಗೆ ಹಂಸವೇ ಇರಲಿ, ಅದರಲ್ಲಿ ನನಗೆ ತಕರಾರಿಲ್ಲ. ಆದರೆ ಕಾರಣ ಹುಡುಕುವುದನ್ನು ಕಲಿಸಲು ಬಟ್ಟೆಯ ವಿಮಾನದಷ್ಟು ಒಳ್ಳೆಯ ಗುರು ಇಲ್ಲ. ಬಟ್ಟೆ ಸರಿಸಿದರೆ ಪ್ರತಿ ಕೊಳವೆ, ತಂತಿ, ಬೋಲ್ಟು ಕಣ್ಣೆದುರಿಗಿದೆ. ಒಂದರ ದೋಷ ಇನ್ನೊಂದಕ್ಕೆ ಹೇಗೆ ದಾಟುತ್ತದೆಂದು ಬೆರಳಿಟ್ಟು ತೋರಿಸಬಹುದು. ಹವ್ಯಾಸಿಗಳು ಇದಕ್ಕೆ ಕೈಹಾಕುವುದು ಸುರಕ್ಷಿತವೇ ಎಂದು ಕೇಳುವವರ ಆತಂಕ ನ್ಯಾಯವಾದದ್ದು. ಪರವಾನಗಿ ಪಡೆದ ಎಂಜಿನಿಯರರ ಕಣ್ಗಾವಲು, ಸಹಿ ಇಲ್ಲದೆ ಇಂಥ ವಿಮಾನ ಹಾರುವಂತಿಲ್ಲ, ಹಾರಲೂಬಾರದು. ಆ ಸಹಿಗೆ ಬೇಕಾದ ಪುರಾವೆಯನ್ನು ತಾಳ್ಮೆಯಿಂದ ಕಲೆಹಾಕುವುದಷ್ಟೇ ಹವ್ಯಾಸಿಯ ಕೆಲಸ; ಗಂಟೆಯ ಲೆಕ್ಕದ ಕೂಲಿ ಇಲ್ಲದ ಕಾರಣ ಅವನಿಗೆ ಆ ತಾಳ್ಮೆ ಸಾಧ್ಯ.

ಟ್ಯಾಂಕು ಮರಳಿ ಕುಳಿತ ಮೇಲೆ ಬಟ್ಟೆಯ ಕೆಲಸ ಉಳಿಯುತ್ತದೆ: ಕತ್ತರಿಸಿದ್ದರೆ ಹೊಸ ತುಂಡು, ಅಂಚಿಗೆ ಹಲ್ಲುಕತ್ತರಿಯ ಪಟ್ಟಿ, ಒಂದರ ಮೇಲೊಂದು ಡೋಪ್. ನೈಟ್ರೇಟ್ ಡೋಪ್ ಬೆಂಕಿಗೆ ಬಹಳ ಬೇಗ ಸಿಲುಕುತ್ತದೆ, ಆದ್ದರಿಂದ ಬೆಸುಗೆಯ ಜಾಗ ಬೇರೆ, ಡೋಪಿನ ಜಾಗ ಬೇರೆ. ಆದರೆ ಬಟ್ಟೆ ಮುಚ್ಚುವುದಕ್ಕೆ ಆತುರಪಡಬಾರದು. ಇಂಧನ ತುಂಬಿ ಒಂದು ರಾತ್ರಿ ಬಿಟ್ಟು, ಬೆಳಿಗ್ಗೆ ನೆಲದ ಮೇಲೆಯೇ ಎಂಜಿನ್ ಓಡಿಸಿ, ನಡುಕಕ್ಕೆ ಬೆಸುಗೆ ಹೇಗೆ ತಾಳಿತೆಂದು ಮತ್ತೆ ಕನ್ನಡಿ ಹಿಡಿದು ನೋಡಬೇಕು. ಲಾಗ್‌ಪುಸ್ತಕದಲ್ಲಿ ‘ಟ್ಯಾಂಕು ದುರಸ್ತಿಯಾಯಿತು’ ಎಂದಷ್ಟೇ ಬರೆದರೆ ಮುಂದಿನವರಿಗೆ ಏನೂ ಸಿಕ್ಕಂತಾಗಲಿಲ್ಲ. ಯಾವ ಬೆಸುಗೆ, ಯಾವ ಪಟ್ಟಿ, ಮೆತ್ತೆ ಎಷ್ಟು ಒದ್ದೆಯಿತ್ತು, ಯಾವ ತಾಪದಲ್ಲಿ ನೀರು ಎಷ್ಟು ಹೊತ್ತು ಎಲ್ಲಿ ನಿಂತಿತ್ತು, ಇದನ್ನು ಬರೆಯಬೇಕು. ಕೆಂಪು ಕಲೆಯ ಕಾಲದಲ್ಲಿ ಯಾರಾದರೂ ಹೀಗೆ ಬರೆದಿಟ್ಟಿದ್ದರೆ ನೀಲಿ ಕಲೆ ಮೂಡುತ್ತಲೇ ಇರಲಿಲ್ಲ.