ಮಲ್ಲರಂಗದ ದಾರಿ: ವಿಜಯನಗರದಿಂದ ಮೈಸೂರಿಗೆ

ಬೆಂಗಳೂರಿನ ಪಶ್ಚಿಮ ಭಾಗದಲ್ಲಿ ವಿಜಯನಗರವೆಂಬ ಬಡಾವಣೆಯೊಂದುಂಟು. ಅದರ ಮಗ್ಗುಲಲ್ಲಿಯೇ ಹಂಪಿನಗರವೂ ಉಂಟು. ಅಲ್ಲಿ ವಾಸಮಾಡುವವರು ಈ ಹೆಸರುಗಳನ್ನು ದಿನವೂ ವಿಳಾಸದಲ್ಲಿ ಬರೆಯುವರೇ ಹೊರತು, ಅವುಗಳ ಹಿಂದಿರುವ ಮಹಾರಾಜಧಾನಿಯನ್ನು ನೆನೆಯುವುದು ಅಪರೂಪ. ರಾಜಾಜಿನಗರ, ಬಸವೇಶ್ವರನಗರಗಳ ಮನೆಗಳಲ್ಲಿಯೂ ಸಂಜೆಯ ಹೊತ್ತು ಹುಡುಗರು ಪರದೇಶದ ಮಲ್ಲರ ಕಾಳಗವನ್ನು ಪರದೆಯ ಮೇಲೆ ನೋಡುತ್ತಾ ಕುಳಿತಿರುವುದುಂಟು. ಜಪಾನಿನ ಟೋಕಿಯೋ ಡೋಮ್ ಎಂಬ ಮಹಾಮಂದಿರದಲ್ಲಿ 1992ರಿಂದ ಪ್ರತಿ ಜನವರಿ 4ರಂದು ನಡೆಯುತ್ತ ಬಂದಿರುವ ಕುಸ್ತಿಯ ಮಹೋತ್ಸವದ ವೀರರ ಹೆಸರುಗಳು ಅವರಲ್ಲಿ ಕೆಲವರಿಗೆ ಕಂಠಪಾಠವಾಗಿವೆ. ಆದರೆ ಕೆಂಗೇರಿಯಲ್ಲಿ ರೈಲು ಹತ್ತಿದರೆ ಕೆಲವೇ ಗಂಟೆಗಳಲ್ಲಿ ತಲಪಬಹುದಾದ ಊರಿನಲ್ಲಿ, ಅದಕ್ಕಿಂತ ಬಹು ಪುರಾತನವಾದ ಮಲ್ಲೋತ್ಸವವೊಂದು ವರ್ಷವರ್ಷವೂ ನಡೆಯುತ್ತದೆಂಬುದನ್ನು ಬಲ್ಲ ಮಕ್ಕಳು ಎಷ್ಟು ಮಂದಿ? ಆ ದಾರಿಯನ್ನು ವಾಚಕರಿಗೆ ತೋರಿಸಿ, ಜಪಾನಿನವರ ಮಲ್ಲರಂಗವನ್ನೂ ನಮ್ಮದನ್ನೂ ಒಟ್ಟಿಗೆ ನೆನೆಯಬೇಕೆಂಬುದೇ ಈ ಲೇಖನದ ಉದ್ದೇಶ.

ಮೊದಲು ಹೆಸರಿನ ಮಾತನ್ನು ಮುಗಿಸೋಣ. ಕೃಷ್ಣದೇವರಾಯನ ಕಾಲದಲ್ಲಿ, ಸುಮಾರು 1520ರ ಹೊತ್ತಿಗೆ, ಪೋರ್ಚುಗೀಸರ ಡೊಮಿಂಗೊ ಪಾಯೆಸ್ ಎಂಬಾತನು ಹಂಪೆಯ ಮಹಾನವಮಿಯನ್ನು ಕಣ್ಣಾರೆ ಕಂಡು ಬರೆದಿಟ್ಟಿರುವನು. ಅಲ್ಲಿನ ಮಲ್ಲಯುದ್ಧವು ತನ್ನ ದೇಶದ್ದರಂತಲ್ಲವೆಂದೂ, ಹಲ್ಲು ಉದುರಿ ಮುಖ ವಿಕಾರವಾಗುವಂತಹ ಹೊಡೆತಗಳು ಬೀಳುತ್ತಿದ್ದವೆಂದೂ, ಮಾತು ನಿಂತುಹೋದವರನ್ನು ಗೆಳೆಯರು ಹೊತ್ತುಕೊಂಡು ಹೋಗುತ್ತಿದ್ದರೆಂದೂ ಆತನು ತಿಳಿಸುತ್ತಾನೆ. ಅವನ ತರುವಾಯ ಬಂದ ನೂನಿಜ್ ಎಂಬಾತನು ಇನ್ನೊಂದು ಸಂಗತಿಯನ್ನು ಹೇಳಿರುವನು. ಮಲ್ಲರು ಕೈಯಲ್ಲಿ ಮೊನೆಗಳುಳ್ಳ ಬಳೆಯಂತಹ ಆಯುಧವನ್ನು ಹಿಡಿದು ಒಬ್ಬರನ್ನೊಬ್ಬರು ಗಾಯಗೊಳಿಸುತ್ತಿದ್ದರಂತೆ. ಯಾರಿಗೆ ಹೆಚ್ಚು ಗಾಯವಾಯಿತೋ ಅವನೇ ಹೋಗಿ ದೊರೆಯಿಂದ ರೇಷ್ಮೆಯ ವಸ್ತ್ರವನ್ನು ಉಡುಗೊರೆಯಾಗಿ ಪಡೆಯುತ್ತಿದ್ದನಂತೆ. ಗೆದ್ದವನಿಗಲ್ಲ, ಹೆಚ್ಚು ನೊಂದವನಿಗೆ ರೇಷ್ಮೆ! ಈ ಮಾತನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಇನ್ನು ಪ್ರಯಾಣ. ಮೆಟ್ರೋದ ನೇರಳೆ ಮಾರ್ಗವು 2021ರಲ್ಲಿ ಕೆಂಗೇರಿಯವರೆಗೆ ಬೆಳೆದುದರಿಂದ, ವಿಜಯನಗರದವರಿಗೆ ಮೈಸೂರು ದಾರಿಯ ಗಾಡಿಗಳ ಗದ್ದಲವನ್ನು ಮೇಲಿನಿಂದಲೇ ದಾಟಿಬಿಡುವ ಅನುಕೂಲ ಒದಗಿದೆ. ಕೆಳಗೆ ವೃಷಭಾವತಿಯು ಕಪ್ಪಾಗಿ ಹರಿಯುವುದು ಕಾಣುತ್ತದೆ. ಒಂದು ಕಾಲದಲ್ಲಿ ತಿಳಿನೀರಾಗಿದ್ದ ಹೊಳೆ ಈಗ ಪಟ್ಟಣದ ಕೊಳೆಯನ್ನೆಲ್ಲ ಹೊತ್ತು ಸಾಗುತ್ತಿದೆ. ಕೆಂಗೇರಿಯ ರೈಲು ನಿಲ್ದಾಣದಿಂದ ಮೈಸೂರಿಗೆ ಸುಮಾರು 125 ಕಿಲೋಮೀಟರುಗಳ ದಾರಿ. ಬಿಡದಿಯನ್ನು ದಾಟಿದ ಮೇಲೆ ರಾಮನಗರದ ಬಂಡೆಗಳು ಎರಡೂ ಕಡೆ ಎದ್ದು ನಿಲ್ಲುತ್ತವೆ. ಆಮೇಲೆ ಬರುವ ಚನ್ನಪಟ್ಟಣವನ್ನು ಎಲ್ಲರೂ ಬಣ್ಣದ ಮರದ ಬೊಂಬೆಗಳಿಗಾಗಿ ಬಲ್ಲರು. ಅದು ಜೆಟ್ಟಿಗಳ ಊರೂ ಅಹುದೆಂಬುದನ್ನು ಬಲ್ಲವರು ಕಡಮೆ. ಮದ್ದೂರಿನಲ್ಲಿ ವಡೆಯ ಪರಿಮಳ, ಮಂಡ್ಯದಲ್ಲಿ ಕಬ್ಬಿನ ಗದ್ದೆಗಳು, ಅನಂತರ ಕಾವೇರಿ, ಶ್ರೀರಂಗಪಟ್ಟಣ. ಹಂಪೆಯ ಮಹಾನವಮಿಯನ್ನು 1610ರಲ್ಲಿ ರಾಜ ಒಡೆಯರು ಪುನಃ ಮೊದಲುಮಾಡಿದ್ದು ಇಲ್ಲಿಯೇ. ಹೀಗೆ ಬಡಾವಣೆಯ ವಿಜಯನಗರದಿಂದ ಹೊರಟವನು ಸಾಮ್ರಾಜ್ಯದ ವಿಜಯನಗರದ ಹಬ್ಬವು ಸಾಗಿಬಂದ ಹಾದಿಯ ಕೊನೆಯ ತುಂಡನ್ನು ತಾನೂ ಸವೆಸಿದಂತಾಗುತ್ತದೆ.

ಮೈಸೂರಿನಲ್ಲಿ ದಸರಾ ಕುಸ್ತಿಯು ದೊಡ್ಡಕೆರೆ ಮೈದಾನದ ಬಳಿಯ ದೇವರಾಜ ಅರಸು ಕ್ರೀಡಾಂಗಣದಲ್ಲಿ ನಡೆಯುತ್ತದೆ. ಹಬ್ಬಕ್ಕೆ ಮುಂಚೆಯೇ ಪೈಲ್ವಾನರನ್ನು ಕರೆಸಿ, ಮೈಕಟ್ಟು, ತೂಕ, ಅನುಭವಗಳನ್ನು ನೋಡಿ ಜೋಡಿ ಕಟ್ಟುವರು. ಅಸಮಾನರನ್ನು ಕಾದಾಡಿಸಿದರೆ ಅದು ಕುಸ್ತಿಯಲ್ಲ, ಹಿಂಸೆ ಎಂಬುದು ಉಸ್ತಾದರ ಮತ. ಅಖಾಡದ ಮಣ್ಣನ್ನು ಅಗೆದು, ಜರಡಿ ಹಿಡಿದು, ಎಣ್ಣೆ, ಅರಿಸಿನ ಮೊದಲಾದುವನ್ನು ಬೆರೆಸಿ ಹದಮಾಡಿರುತ್ತಾರೆ. ಪೈಲ್ವಾನನು ಮೊದಲು ಆ ಮಣ್ಣನ್ನು ಮುಟ್ಟಿ ಹಣೆಗೆ ಒತ್ತಿಕೊಂಡು ಒಳಗೆ ಹೆಜ್ಜೆಯಿಡುವನು. ಎದುರಾಳಿಯ ಕೈಗೆ ಮಣ್ಣು ಕೊಟ್ಟು, ಅವನಿಂದ ಮಣ್ಣು ಪಡೆದು, ಆಮೇಲೆ ಹಿಡಿತ. ಬೆನ್ನು ನೆಲಕ್ಕೆ ತಾಗಿದರೆ ಚಿತ್. ಸುತ್ತಲೂ ಕುಳಿತ ಮುದುಕರು ಪಟ್ಟಿಗೊಂದು ಹೆಸರು ಹೇಳುತ್ತಾ, ಹುಡುಗರ ತಪ್ಪನ್ನು ಗಟ್ಟಿಯಾಗಿ ಬೈಯುತ್ತಾ ಇರುವುದೂ ಒಂದು ಸೊಗಸು. ದಸರಾ ಕಂಠೀರವ, ದಸರಾ ಕೇಸರಿ ಎಂಬ ಬಿರುದುಗಳುಂಟು. ಇವುಗಳಲ್ಲಿ ಮೊದಲನೆಯದು, ತಿರುಚಿನಾಪಳ್ಳಿಗೆ ಮಾರುವೇಷದಲ್ಲಿ ಹೋಗಿ ಅಲ್ಲಿನ ಜಟ್ಟಿಯನ್ನು ಕೆಡವಿದನೆಂದು ಕಥೆಯುಳ್ಳ ಕಂಠೀರವ ನರಸರಾಜ ಒಡೆಯರ ನೆನಪನ್ನು ತರುತ್ತದೆ. ಈಚಿನ ವರ್ಷಗಳಲ್ಲಿ ಹೆಣ್ಣುಮಕ್ಕಳೂ ಇಲ್ಲಿ ಕುಸ್ತಿಗೆ ಇಳಿಯುತ್ತಿರುವರು. ಹೆಣ್ಣುಮಕ್ಕಳುಳ್ಳ ಗೃಹಸ್ಥರು ಇದನ್ನು ತಪ್ಪದೆ ನೋಡತಕ್ಕದ್ದು.

ವಿಜಯದಶಮಿಯ ಬೆಳಿಗ್ಗೆ ಅರಮನೆಯ ತೊಟ್ಟಿಯಲ್ಲಿ ನಡೆಯುವ ವಜ್ರಮುಷ್ಟಿ ಕಾಳಗವೇ ಬೇರೆ. ಮೈಸೂರು, ಬೆಂಗಳೂರು, ಚನ್ನಪಟ್ಟಣ, ಚಾಮರಾಜನಗರಗಳ ಜೆಟ್ಟಿ ಮನೆತನದವರು ಮಾತ್ರ ಇದರಲ್ಲಿ ಭಾಗಿಗಳು. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮಲ್ಲವಿನೋದವೆಂಬ ಪ್ರಕರಣವೇ ಇದ್ದು, ಮೇಲ್ತರದ ಮಲ್ಲರನ್ನು ಅಲ್ಲಿ ಜ್ಯೇಷ್ಠಿಕರೆಂದು ಕರೆದಿದೆ. ಜೆಟ್ಟಿ ಎಂಬ ಮಾತು ಅದರ ಬಂಧು. ಕಾಳಗಕ್ಕೆ ಬರುವವರು ತಲೆ ಬೋಳಿಸಿ, ಸಣ್ಣ ಜುಟ್ಟನ್ನು ಮಾತ್ರ ಬಿಟ್ಟುಕೊಂಡಿರುವರು. ಬಲಗೈಯ ಬೆರಳುಗಳಿಗೆ ಮೊನೆಗಳುಳ್ಳ ವಜ್ರಮುಷ್ಟಿ. ನೂನಿಜನು ಹಂಪೆಯಲ್ಲಿ ಕಂಡ ಬಳೆ ಇದರ ಪೂರ್ವಜವೆಂದು ತೋರದೆ ಇರದು. ಎದುರಾಳಿಯ ತಲೆಯಿಂದ ಮೊದಲ ರಕ್ತದ ಹನಿ ಕಂಡೊಡನೆ ಹಿರಿಯರು ನಡುವೆ ನುಗ್ಗಿ ಇಬ್ಬರನ್ನೂ ಬೇರ್ಪಡಿಸುವರು. ಅಷ್ಟಕ್ಕೇ ಮುಗಿಯಿತು. ಕೆಲವು ಕ್ಷಣಗಳ ಈ ಕಾಳಗಕ್ಕಾಗಿ ಜೆಟ್ಟಿಗಳು ಬಹು ದಿನಗಳ ಸಾಧನೆ, ನಿಯಮ, ಕುಲದೇವತೆಯ ಪೂಜೆಗಳನ್ನು ನಡೆಸಿರುತ್ತಾರೆ. ಇದು ಮುಗಿದ ತರುವಾಯವೇ ವಿಜಯದಶಮಿಯ ಮುಂದಿನ ವಿಧಿಗಳು.

ಈಗ ಜಪಾನಿನ ಕಡೆ ತಿರುಗೋಣ. ಆ ದೇಶದಲ್ಲಿ ದೂರದರ್ಶನವು ಆರಂಭವಾದದ್ದು 1953ರಲ್ಲಿ. ಮರುವರ್ಷದ ಫೆಬ್ರವರಿಯಲ್ಲಿ ರಿಕಿಡೋಝಾನ್ ಎಂಬ ಮಲ್ಲರು ಅಮೆರಿಕದಿಂದ ಬಂದ ಶಾರ್ಪ್ ಸಹೋದರರನ್ನು ಎದುರಿಸಿದಾಗ, ಬೀದಿಬೀದಿಗಳಲ್ಲಿಟ್ಟಿದ್ದ ಪೆಟ್ಟಿಗೆಗಳ ಮುಂದೆ ಜನ ಕಿಕ್ಕಿರಿದು ನಿಂತರು. ಯುದ್ಧದಲ್ಲಿ ಸೋತು ತಲೆತಗ್ಗಿಸಿದ್ದ ನಾಡಿಗೆ ಅದು ಎದೆಯೆತ್ತುವ ಸಂತೋಷವಾಗಿ ಪರಿಣಮಿಸಿತು. ವಿಚಿತ್ರವೆಂದರೆ ಆ ರಾಷ್ಟ್ರವೀರರು ಹುಟ್ಟಿದ್ದು ಕೊರಿಯದಲ್ಲಿ. ಆ ಸಂಗತಿಯನ್ನು ಅವರ ಜೀವಿತಕಾಲದಲ್ಲಿ ಮರೆಮಾಚಿಡಲಾಗಿತ್ತು. ನಮ್ಮ ದಾರಾಸಿಂಗರೊಡನೆ ಸೆಣಸಿ ಹೆಸರಾದ ಕಿಂಗ್ ಕಾಂಗ್ ಕೂಡ 1955ರಲ್ಲಿ ಅವರೆದುರಿಗೆ ನಿಂತವರೇ. ಇಂತಹ ವೃತ್ತಿಕುಸ್ತಿಯಲ್ಲಿ ಗೆಲವು ಯಾರದೆಂಬುದು ಮೊದಲೇ ಗೊತ್ತಾಗಿರುತ್ತದೆಂಬುದನ್ನು ಇಂದು ಯಾರೂ ಮುಚ್ಚಿಡುವುದಿಲ್ಲ. ಹಾಗೆಂದು ಬೀಳುವ ಮೈಗೆ ನೋವು ತಪ್ಪಿದುದಲ್ಲ.

ಅವರ ಶಿಷ್ಯರಾದ ಆಂಟೋನಿಯೋ ಇನೋಕಿಯವರು 1976ರ ಜೂನ್ 26ರಂದು ಟೋಕಿಯೋದ ಬುಡೋಕಾನಿನಲ್ಲಿ ಮುಷ್ಟಿಯುದ್ಧದ ಚಕ್ರವರ್ತಿ ಮಹಮ್ಮದಾಲಿಯವರೊಡನೆ ಕಾದಿದರು. ಲೋಕವೆಲ್ಲ ಎದುರುನೋಡಿದ ಈ ಪ್ರದರ್ಶನವು ನೋಡಿದವರಿಗೆ ನಿರಾಶೆಯನ್ನೇ ತಂದಿತು. ನಿಯಮಗಳು ಕೈಕಟ್ಟಿದ್ದುದರಿಂದ ಇನೋಕಿಯವರು ಬಹುಪಾಲು ಹೊತ್ತು ನೆಲದ ಮೇಲೆ ಮಲಗಿ ಆಲಿಯವರ ಕಾಲುಗಳಿಗೆ ಒದೆಯುತ್ತಿದ್ದರು. 15 ಸುತ್ತುಗಳಾದ ಮೇಲೆ ಪಂದ್ಯ ಸಮವೆಂದು ತೀರ್ಮಾನವಾಯಿತು. ಆಟವು ಜೊಳ್ಳಾದರೂ ಗಾಯ ಜೊಳ್ಳಾಗಿರಲಿಲ್ಲ: ಆಲಿಯವರ ಕಾಲುಗಳಲ್ಲಿ ರಕ್ತ ಹೆಪ್ಪುಗಟ್ಟಿ ಅವರು ಆಸ್ಪತ್ರೆ ಸೇರಬೇಕಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಇನೋಕಿಯವರು ಕರಾಚಿಯಲ್ಲಿ ಅಕ್ರಮ್ ಪೈಲ್ವಾನರನ್ನು ಎದುರಿಸಿದರು. ಅಕ್ರಮರು, 1910ರಲ್ಲಿ ಲಂಡನ್ನಿಗೆ ಹೋಗಿ ಕೀರ್ತಿ ಗಳಿಸಿದ ಮಹಾ ಗಾಮಾ ಅವರ ತಮ್ಮನ ಮಗ. ಎಂದರೆ ಮೈಸೂರಿನ ಅಖಾಡವೂ ನೆಂಟಸ್ತನ ಹೇಳಿಕೊಳ್ಳಬಹುದಾದ ಮಣ್ಣಿನ ಕುಸ್ತಿಯ ವಂಶದವರು. ಆಟವು ನಿಜವಾದ ಹೋರಾಟವಾಗಿ ತಿರುಗಿ, ಅಕ್ರಮರ ತೋಳು ಘಾಸಿಗೊಂಡು ಪಂದ್ಯ ನಿಂತಿತು. ಆ ಮನೆತನಕ್ಕಾದ ನೋವು ಸಣ್ಣದಲ್ಲ. 1979ರಲ್ಲಿ ಅದೇ ಮನೆಯ ಎಳೆಯ ಮಲ್ಲ ಝಾರಾ ಲಾಹೋರಿನಲ್ಲಿ ಇನೋಕಿಯವರ ಎದುರು ನಿಂತನು. ಸುತ್ತುಗಳು ಮುಗಿದಾಗ ಇನೋಕಿಯವರು ತಾವೇ ಆ ಹುಡುಗನ ಕೈಯನ್ನು ಹಿಡಿದು ಮೇಲೆತ್ತಿದರು. 2022ರಲ್ಲಿ ಇನೋಕಿಯವರು ತೀರಿಕೊಂಡಾಗ, ಹಲವರು ನೆನೆದುದು ತೋಳು ತಿರುಚಿದ ಕೈಯನ್ನು ಮಾತ್ರವಲ್ಲ, ಈ ಕೈಯನ್ನೂ.

ಪರದೆಯ ಮೇಲಿನ ಕುಸ್ತಿ ಸುಳ್ಳು, ನಮ್ಮದು ಮಾತ್ರ ನಿಜ ಎಂದು ಮಕ್ಕಳನ್ನು ಗದರಿಸುವ ಹಿರಿಯರುಂಟು. ಅದು ನ್ಯಾಯವಲ್ಲ. ವಜ್ರಮುಷ್ಟಿಯಲ್ಲಿಯೂ ಎಲ್ಲಿ ನಿಲ್ಲಬೇಕೆಂಬುದು ಮೊದಲೇ ಗೊತ್ತು. ಅಲ್ಲಿಯೂ ಪ್ರೇಕ್ಷಕರುಂಟು, ವೇಷವುಂಟು, ವಿಧಿಯುಂಟು. ಎದುರಾಳಿಯ ದೇಹವು ತನ್ನ ಕೈಗೆ ಒಪ್ಪಿಸಿದ ಒಡವೆ, ಅದನ್ನು ಮನೆಗೆ ಮರಳಿಸಬೇಕು ಎಂಬ ಹೊಣೆಯನ್ನು ಎರಡು ಕಡೆಯ ಸಜ್ಜನ ಮಲ್ಲರೂ ಬಲ್ಲರು. ವ್ಯತ್ಯಾಸವಿರುವುದು ಬೇರೆಡೆ. ಜಪಾನಿನವರ ಉತ್ಸವಕ್ಕೆ ಸಂಸ್ಥೆಗಳುಂಟು, ಟಿಕೀಟುಗಳುಂಟು, ಲೋಕವ್ಯಾಪಕವಾದ ಪ್ರಸಾರವುಂಟು. ವಜ್ರಮುಷ್ಟಿಗೆ ಇರುವುದು ಕೆಲವೇ ಊರುಗಳ ಕೆಲವೇ ಮನೆತನಗಳು. ಆ ಮನೆಗಳ ಹುಡುಗರೂ ನಮ್ಮ ಹುಡುಗರಂತೆಯೇ ಶಾಲೆ, ಉದ್ಯೋಗಗಳ ಚಿಂತೆಯುಳ್ಳವರು. ಅವರಲ್ಲಿ ಒಂದು ತಲೆಮಾರು ಬೇಡವೆಂದರೆ ಸಾಕು, ಪುಸ್ತಕ ಓದಿ ಅದನ್ನು ಮತ್ತೆ ಕಲಿಯಲಾಗದು. ಗರಡಿಯ ಮಣ್ಣಿನ ಸ್ವಭಾವವೂ ಹಾಗೆಯೇ: ದಿನವೂ ಕಾಲಾಡದಿದ್ದರೆ ಅದು ಕಲ್ಲಾಗುತ್ತದೆ.

ಅರಮನೆಯೊಳಗಿನ ಕಾಳಗಕ್ಕೆ ಎಲ್ಲರಿಗೂ ಪ್ರವೇಶ ದೊರೆಯದು. ಆದರೆ ಕ್ರೀಡಾಂಗಣದ ಕುಸ್ತಿಗೆ ಯಾರು ಬೇಕಾದರೂ ಹೋಗಬಹುದು. ಆದುದರಿಂದ ನವರಾತ್ರಿಯ ದಿನಗಳಲ್ಲಿ ಕೆಂಗೇರಿಯಲ್ಲಿ ರೈಲು ಹತ್ತುವ ಗೃಹಸ್ಥರು, ದೀಪಾಲಂಕಾರ, ವಸ್ತುಪ್ರದರ್ಶನಗಳ ಜೊತೆಗೆ ಒಂದು ಮಧ್ಯಾಹ್ನವನ್ನು ಅಖಾಡಕ್ಕೂ ಮೀಸಲಿಡಬೇಕೆಂದು ಪ್ರಾರ್ಥನೆ. ಮಕ್ಕಳನ್ನು ಮುಂದಿನ ಸಾಲಿನಲ್ಲಿ ಕುಳ್ಳಿರಿಸಿರಿ. ಗೆದ್ದವನನ್ನು ಹೆಗಲಮೇಲೆ ಹೊತ್ತು ಕುಣಿಯುವಾಗ ಅವರು ಹೇಗೂ ನೋಡುವರು. ಸೋತ ಹುಡುಗನು ಬೆನ್ನಿನ ಮಣ್ಣನ್ನು ಒರಸಿಕೊಂಡು ಉಸ್ತಾದನ ಕಾಲಿಗೆರಗಲು ಹೋಗುವಾಗಲೂ ಅವರ ದೃಷ್ಟಿಯನ್ನು ಅತ್ತ ತಿರುಗಿಸಿರಿ. ಹಂಪೆಯ ದೊರೆಯ ರೇಷ್ಮೆ ಈಗ ಇಲ್ಲ. ಒಂದು ಚಪ್ಪಾಳೆಯನ್ನಾದರೂ ಆ ಹುಡುಗನಿಗೆ ಕೊಟ್ಟು ಬನ್ನಿರಿ.